ಎಣಿಸಿದುದು ಏನನ್ನು?

ಹಿಂದೆ ನಮ್ಮ ನಾಡಿನಲ್ಲಿ ಸೇರು ಎಂಬ ಅಳತೆಯೊಂದಿತ್ತು. ಹೆಸರು ಎಲ್ಲೆಡೆಯೂ ಒಂದೇ. ಪ್ರಮಾಣ ಮಾತ್ರ ಊರಿಂದೂರಿಗೆ ಬೇರೆ. ಪಕ್ಕಾ ಸೇರೆಂದೂ ಕಚ್ಚಾ ಸೇರೆಂದೂ ಮತ್ತೆ ಎರಡು ಬಗೆ. ಒಂದು ಸಂತೆಯಲ್ಲಿ ಹತ್ತು ಸೇರು ರಾಗಿ ಕೊಂಡವನು ಇನ್ನೊಂದು ಸಂತೆಯಲ್ಲಿ ಅದನ್ನು ಮಾರಲು ಹೋದರೆ, ತನಗೆ ಬಂದುದು ಲಾಭವೋ ನಷ್ಟವೋ ಎಂಬುದು ಅಲ್ಲಿಯ ಸೇರಿನಲ್ಲಿ ಅಳೆದ ಮೇಲೆಯೇ ತಿಳಿಯುತ್ತಿತ್ತು. ಇಂತಹ ಗೊಂದಲವನ್ನು ನಿವಾರಿಸಲೆಂದು 1956ರಲ್ಲಿ ಭಾರತದಲ್ಲಿ ತೂಕ ಮತ್ತು ಅಳತೆಗಳ ಕಾಯಿದೆಯಾಯಿತು. ಮೆಟ್ರಿಕ್ ಪದ್ಧತಿ ಕ್ರಮೇಣ ಆಚರಣೆಗೆ ಬಂದಿತು. ಅದಕ್ಕೆ ಮೊದಲು ಜಾಣನಾದ ವ್ಯಾಪಾರಿಯು ಬೆಲೆ ಕೇಳುವುದಕ್ಕಿಂತ ಮುಂಚೆ “ಯಾವ ಸೇರು?” ಎಂದು ಕೇಳುತ್ತಿದ್ದನು. ಅದೇ ಪ್ರಶ್ನೆಯನ್ನು ನಾವು ಇಂದು ಬೇರೊಂದು ಸಂತೆಯಲ್ಲಿ ಕೇಳಬೇಕಾಗಿ ಬಂದಿದೆ.

ಅಂತರಜಾಲದ ವಿಡಿಯೋ ವೇದಿಕೆಗಳೇ ಆ ಸಂತೆ. ಈಗ ಅನೇಕ ಅಧ್ಯಾಪಕರೂ ವಿದ್ಯಾರ್ಥಿಗಳೂ ಪಾಠಗಳನ್ನೂ ಪ್ರಯೋಗಗಳನ್ನೂ ಚಿತ್ರೀಕರಿಸಿ ಯೂಟ್ಯೂಬಿನಲ್ಲಿ ಹಾಕುತ್ತಿರುವುದನ್ನು ವಾಚಕರು ಬಲ್ಲರು. ಎಷ್ಟು ಸಾರಿ ನೋಡಲಾಯಿತು, ಎಷ್ಟು ಹೊತ್ತು ನೋಡಲಾಯಿತು, ಯಾವ ನಿಮಿಷದಲ್ಲಿ ಜನ ಬಿಟ್ಟುಹೋದರು, ಎಲ್ಲಿಂದ ಬಂದರು ಎಂಬ ವಿವರಗಳನ್ನೆಲ್ಲ ವೇದಿಕೆಯು ಲೆಕ್ಕವಿಟ್ಟು ಚಾನೆಲಿನ ಒಡೆಯರಿಗೆ ಒದಗಿಸುತ್ತದೆ. ಈ ಅಂಕಿಗಳ ರಾಶಿಯಲ್ಲಿ ಹುರುಳನ್ನು ಹುಡುಕುವುದು ಶ್ರಮದ ಕೆಲಸವಾಗಿತ್ತು. ಈಗ ರಾಶಿಯ ಬಳಿ ಕೃತಕ ಬುದ್ಧಿಯ ಸಹಾಯಕನನ್ನು ಕರೆತಂದು ನಿಲ್ಲಿಸುವ ಏರ್ಪಾಡು ಬಂದಿದೆ. “ಕಳೆದ ತಿಂಗಳು ನನ್ನ ಯಾವ ಪಾಠ ಚೆನ್ನಾಗಿ ನಡೆಯಿತು?” ಎಂದು ಕನ್ನಡದಲ್ಲಿಯೇ ಕೇಳಿದರೆ ಸಾಕು, ಕೆಲವೇ ಕ್ಷಣಗಳಲ್ಲಿ ಉತ್ತರ ಸಿದ್ಧ. ಇದು ಸರ್ವಥಾ ಕೂಡದೆನ್ನುವವರು ಕೆಲವರು. ಇನ್ನು ಯೋಚನೆಯೇ ಬೇಡ, ಎಲ್ಲವನ್ನೂ ಇದಕ್ಕೊಪ್ಪಿಸೋಣ ಎನ್ನುವವರು ಮತ್ತೆ ಕೆಲವರು. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಸಹಾಯಕನನ್ನು ಜೋಡಿಸುವುದು ತಪ್ಪಲ್ಲ. ಆದರೆ ಅವನ ಉತ್ತರವನ್ನು ಒಪ್ಪುವ ಮುನ್ನ “ನೀನು ಎಣಿಸಿದುದು ಏನನ್ನು?” ಎಂದು ಕೇಳದವನು, ಸಹಾಯಕನು ಒಂದು ಸುಳ್ಳನ್ನೂ ಹೇಳದಿದ್ದಾಗ್ಯೂ, ಮೋಸಹೋಗುವನು.

ಈ ಜೋಡಣೆ ಹೇಗೆ ನಡೆಯುತ್ತದೆಂಬುದನ್ನು ಮೊದಲು ತಿಳಿಯೋಣ. ‘ಸಹಾಯಕನು’ ಎಂದು ಅನುಕೂಲಕ್ಕಾಗಿ ಬರೆದೆನಾದರೂ ಅದು ಯಂತ್ರವೇ. ಅಪಾರವಾದ ಬರಹರಾಶಿಯಿಂದ ಭಾಷೆಯ ಪರಿಯನ್ನು ಕಲಿತ ಗಣಕಕ್ರಮ ಅದು. ನಿನ್ನೆ ನಿಮ್ಮ ವಿಡಿಯೋವನ್ನು ಎಷ್ಟು ಸಾರಿ ನೋಡಲಾಯಿತೆಂಬುದು ಅದಕ್ಕೆ ತಾನಾಗಿ ತಿಳಿಯದು. ವೇದಿಕೆಯನ್ನು ಕೇಳಿಯೇ ತಿಳಿಯಬೇಕು. ಹಾಗೆ ಕೇಳುವುದಕ್ಕೆ ವೇದಿಕೆಗಳು ಎ.ಪಿ.ಐ. ಎಂಬ ಬಾಗಿಲುಗಳನ್ನು ಇಟ್ಟಿವೆ. ಯೂಟ್ಯೂಬಿನಲ್ಲಿ ಇಂತಹ ಎರಡು ಬಾಗಿಲುಗಳು ಮುಖ್ಯವಾದುವು. ಶೀರ್ಷಿಕೆ, ದಿನಾಂಕ, ವೀಕ್ಷಣೆಗಳ ಸಂಖ್ಯೆ, ಟಿಪ್ಪಣಿಗಳು ಮುಂತಾದ ಬಹಿರಂಗ ಸಂಗತಿಗಳು ಮೊದಲನೆಯದರಲ್ಲಿ ದೊರೆಯುತ್ತವೆ. ನೋಡಿದ ಅವಧಿ, ವೀಕ್ಷಕರು ಬಂದ ದಾರಿ ಮೊದಲಾದ ಒಳವಿವರಗಳು ಎರಡನೆಯದರಲ್ಲಿವೆ. ಇದು ಚಾನೆಲಿನ ಒಡೆಯರು ಅನುಮತಿಯಿತ್ತಲ್ಲದೆ ತೆರೆಯದು. ಅನುಮತಿ ಕೊಡುವುದೆಂದರೆ ಗುಪ್ತಪದವನ್ನೇ ಕೊಡುವುದಲ್ಲ. ‘ಓದಬಹುದು, ಬದಲಿಸಕೂಡದು’ ಎಂಬಂತಹ ಮಿತಿಯುಳ್ಳ ರಹದಾರಿಯೊಂದನ್ನು ಕೊಟ್ಟು, ಬೇಡವಾದಾಗ ಹಿಂತೆಗೆದುಕೊಳ್ಳಬಹುದು.

ಹಿಂದೆ ಪ್ರತಿಯೊಂದು ಸಹಾಯಕಕ್ಕೂ ಪ್ರತಿಯೊಂದು ಬಾಗಿಲಿಗೂ ಬೇರೆ ಬೇರೆ ಕೊಂಡಿಗಳನ್ನು ಮಾಡಬೇಕಾಗಿತ್ತು. ಐದು ಸಹಾಯಕಗಳನ್ನು ಇಪ್ಪತ್ತು ಸೇವೆಗಳಿಗೆ ಜೋಡಿಸಬೇಕಾದರೆ 100 ಕೊಂಡಿಗಳು. 2024ರ ನವೆಂಬರಿನಲ್ಲಿ ಆಂಥ್ರೋಪಿಕ್ ಸಂಸ್ಥೆಯು ಮಾಡೆಲ್ ಕಾಂಟೆಕ್ಸ್ಟ್ ಪ್ರೋಟೋಕಾಲ್ ಎಂಬ ಸಾಮಾನ್ಯ ನಿಯಮಾವಳಿಯನ್ನು ಪ್ರಕಟಿಸಿತು. ಇತರ ಸಂಸ್ಥೆಗಳೂ ಅದನ್ನು ಸ್ವೀಕರಿಸಿದವು. ಎಲ್ಲರೂ ಒಂದೇ ಅಚ್ಚಿನ ಕೊಂಡಿಯನ್ನು ಬಳಸುವುದಾದರೆ 5 ಮತ್ತು 20, ಒಟ್ಟು 25 ಸಾಕು. ಈ ವಿದ್ಯೆ ಇಷ್ಟು ಬೇಗ ಹರಡಿದುದಕ್ಕೆ ಈ ಸರಳವಾದ ಗಣಿತವೂ ಒಂದು ಕಾರಣ.

ಕೊಂಡಿಯೇನೋ ಒಂದೇ ಅಚ್ಚಿನದಾಯಿತು. ಅದರ ಮೂಲಕ ಹರಿದು ಬರುವ ಅಂಕಿಗಳ ಅರ್ಥವೂ ಒಂದೇ ಆಯಿತೆ? ಇಲ್ಲಿಯೇ ನಾವು ಎಚ್ಚರವಾಗಿರಬೇಕು. ‘ವೀಕ್ಷಣೆ’ ಎಂಬ ಒಂದು ಮಾತನ್ನೇ ನೋಡಿರಿ. ಬಹುಕಾಲ ಯೂಟ್ಯೂಬಿನಲ್ಲಿ ಜನಪ್ರಿಯ ವಿಡಿಯೋಗಳ ಎಣಿಕೆ 301ಕ್ಕೆ ಬಂದು ನಿಂತುಬಿಡುತ್ತಿತ್ತು. ನೋಡುತ್ತಿರುವವರು ನಿಜವಾದ ಮನುಷ್ಯರೋ, ಎಣಿಕೆಯನ್ನು ಹಿಗ್ಗಿಸಲು ಯಾರೋ ನಡೆಸುತ್ತಿರುವ ಗಣಕಕ್ರಮಗಳೋ ಎಂಬುದನ್ನು ಪರೀಕ್ಷಿಸುವವರೆಗೂ ಅಂಕಿ ಮುಂದೆ ಸಾಗುತ್ತಿರಲಿಲ್ಲ. 2015ರಲ್ಲಿ ಈ ಪದ್ಧತಿಯನ್ನು ಕೈಬಿಟ್ಟರು. ಇನ್ನು ಶಾರ್ಟ್ಸ್ ಎಂಬ ಕಿರು ವಿಡಿಯೋಗಳ ಸಂಗತಿ. ಅವುಗಳಲ್ಲಿ ಕೆಲವು ಸೆಕೆಂಡುಗಳಾದರೂ ನೋಡಿದ ಮೇಲೆಯೇ ಒಂದು ವೀಕ್ಷಣೆಯೆಂದು ಎಣಿಸುವ ಕ್ರಮವಿತ್ತು. 2025ರ ಮಾರ್ಚ್ 31ರಿಂದ, ವಿಡಿಯೋ ಆರಂಭವಾದರೆ ಅಥವಾ ಪುನಃ ಆರಂಭವಾದರೆ ಸಾಕು, ಅದೊಂದು ವೀಕ್ಷಣೆ ಎಂದಾಯಿತು. ಹಳೆಯ ಎಣಿಕೆಯನ್ನು ಬೇರೊಂದು ಹೆಸರಿನಲ್ಲಿ ಉಳಿಸಿಕೊಂಡರು. ನೆಟ್‌ಫ್ಲಿಕ್ಸಿನ ಕ್ರಮವೇ ಬೇರೆ. 2023ರಿಂದ ಅದರ ಜನಪ್ರಿಯತೆಯ ಪಟ್ಟಿಗಳಲ್ಲಿ, ಜನರು ನೋಡಿದ ಒಟ್ಟು ಗಂಟೆಗಳನ್ನು ಚಿತ್ರದ ಉದ್ದದಿಂದ ಭಾಗಿಸಿ ಬಂದ ಲಬ್ಧಕ್ಕೆ ‘ವೀಕ್ಷಣೆ’ ಎಂದು ಹೆಸರು. ಎರಡು ಗಂಟೆಯ ಚಿತ್ರವನ್ನು ನಾಲ್ವರು ಅರ್ಧ ಗಂಟೆಯಂತೆ ನೋಡಿ ಎದ್ದುಹೋದರೂ ಅಲ್ಲಿ ಅದು ಒಂದು ವೀಕ್ಷಣೆ!

ಒಬ್ಬ ವಿದ್ಯಾರ್ಥಿಯು “2025ರ ಫೆಬ್ರವರಿಯಿಂದ ಏಪ್ರಿಲಿಗೆ ನನ್ನ ಶಾರ್ಟ್ಸ್ ವಿಡಿಯೋಗಳ ಜನಪ್ರಿಯತೆ ಹೆಚ್ಚಿತೆ?” ಎಂದು ಸಹಾಯಕನನ್ನು ಕೇಳಿದನೆನ್ನಿ. ಅಂಕಿಗಳು ಏರಿರುವುದನ್ನು ಕಂಡು ಸಹಾಯಕನು “ಹೆಚ್ಚಿತು” ಎಂದು ಹೇಳಿ, ಅದಕ್ಕೆ ನಾಲ್ಕು ಕಾರಣಗಳನ್ನೂ ಸೊಗಸಾಗಿ ಬರೆದುಕೊಡಬಹುದು. ಏರಿದುದು ಜನಪ್ರಿಯತೆಯೇ ಆಗಬೇಕಾಗಿಲ್ಲ. ನಡುವೆ ಸೇರು ಚಿಕ್ಕದಾಗಿದ್ದಿತು.

ಸರಾಸರಿಯ ವಿಷಯವು ಇದಕ್ಕಿಂತಲೂ ಗಂಭೀರವಾದುದು. ಹತ್ತು ನಿಮಿಷದ ಒಂದು ಭೌತಶಾಸ್ತ್ರದ ಪಾಠವನ್ನು ನೂರು ಮಂದಿ ತೆರೆದರೆಂದು ಊಹಿಸಿಕೊಳ್ಳಿರಿ. ಅರುವತ್ತು ಮಂದಿ, ತಮಗೆ ಬೇಕಾದುದು ಇದಲ್ಲವೆಂದು ಅರ್ಧ ನಿಮಿಷದಲ್ಲಿಯೇ ಹೊರಟುಹೋದರು. ಉಳಿದ ನಲವತ್ತು ಮಂದಿ ಹತ್ತು ನಿಮಿಷವೂ ಕುಳಿತು ಪಾಠವನ್ನು ಪೂರ್ತಿ ಕೇಳಿದರು. ಲೆಕ್ಕ ಹಾಕಿರಿ: ಅರುವತ್ತು ಮಂದಿಯಿಂದ 30 ನಿಮಿಷ, ನಲವತ್ತು ಮಂದಿಯಿಂದ 400 ನಿಮಿಷ, ಒಟ್ಟು 430. ನೂರರಿಂದ ಭಾಗಿಸಿದರೆ ಸರಾಸರಿ 4.3 ನಿಮಿಷ. ಈ ಒಂದೇ ಅಂಕಿಯನ್ನು ಕಂಡ ಸಹಾಯಕನು “ನಿಮ್ಮ ವೀಕ್ಷಕರು ನಾಲ್ಕು ನಿಮಿಷಗಳಾದ ಮೇಲೆ ಬೇಸರಗೊಳ್ಳುತ್ತಿದ್ದಾರೆ; ಪಾಠವನ್ನು ನಾಲ್ಕು ನಿಮಿಷಕ್ಕೆ ಇಳಿಸಿರಿ” ಎಂದು ಸಲಹೆ ಕೊಡಬಹುದು. ಆದರೆ ನಾಲ್ಕು ನಿಮಿಷ ನೋಡಿ ಬಿಟ್ಟವನು ಆ ನೂರರಲ್ಲಿ ಒಬ್ಬನೂ ಇಲ್ಲ! ಸಲಹೆಯನ್ನು ಪಾಲಿಸಿದರೆ, ಹೊರಟುಹೋದ ಅರುವತ್ತು ಮಂದಿ ಮರಳಿ ಬಾರರು. ಕುಳಿತಿದ್ದ ನಲವತ್ತು ಮಂದಿಗೆ ಪಾಠ ಅರೆಬರೆಯಾಗುವುದು. ಇರದ ವೀಕ್ಷಕನಿಗಾಗಿ ಇದ್ದ ವಿದ್ಯಾರ್ಥಿಯನ್ನು ಕಳೆದುಕೊಂಡಂತಾಯಿತು.

ತರುಣ ವಾಚಕರಿಗೆ ನಾನು ಮುಖ್ಯವಾಗಿ ಹೇಳಬೇಕೆಂದಿರುವ ಮಾತು ಇದೇ. ಅಂಕಿಗಳನ್ನು ನೋಡಿ ಅದಕ್ಕೆ ತಕ್ಕಂತೆ ತಾವು ಮಾಡುವುದನ್ನು ತಿದ್ದಿಕೊಳ್ಳುವುದು ಒಳ್ಳೆಯ ಅಭ್ಯಾಸವೇ. ಅಂಕಿಗಳಿಗಾಗಿಯೇ ಮಾಡತೊಡಗಿದರೆ ಮಾತ್ರ ಕೇಡು. 2012ರಲ್ಲಿ ಯೂಟ್ಯೂಬು ವಿಡಿಯೋಗಳನ್ನು ಶಿಫಾರಸು ಮಾಡುವಾಗ, ಎಷ್ಟು ಮಂದಿ ಒತ್ತಿದರೆಂಬುದಕ್ಕಿಂತ ಎಷ್ಟು ಹೊತ್ತು ನೋಡಿದರೆಂಬುದಕ್ಕೆ ಹೆಚ್ಚು ಬೆಲೆ ಕೊಡಲಾರಂಭಿಸಿತು. ಆಕರ್ಷಕವಾದ ಚಿತ್ರವನ್ನು ಮುಂದಿಟ್ಟು ಒಳಗೆ ಏನೂ ಇಲ್ಲದ ವಿಡಿಯೋಗಳನ್ನು ಹಿಂದೆ ಸರಿಸುವುದು ಅದರ ಉದ್ದೇಶವಾಗಿದ್ದಿತು. ಅಳತೆಗೋಲು ಬದಲಾದೊಡನೆ ವಿಡಿಯೋ ಮಾಡುವವರೂ ಅದಕ್ಕೆ ತಕ್ಕಂತೆ ಬದಲಾಗಲು ಹವಣಿಸಿದರು. ಅಳತೆಗೋಲಿಗೆ ಇಂತಹ ಶಕ್ತಿಯಿದೆ. ಆ ಶಕ್ತಿಗೆ ಈಗ ಸಲೀಸಾಗಿ ಮಾತನಾಡುವ ನಾಲಗೆಯೂ ದೊರೆತಿದೆ. ಅಂಕಿಯ ಪಟ್ಟಿಯನ್ನು ಕಂಡಾಗ ಯಾರಿಗಾದರೂ ಒಂದಿಷ್ಟು ಸಂಶಯ ಬರುತ್ತದೆ. ಸ್ಪಷ್ಟವಾದ, ವಿನಯಪೂರ್ಣವಾದ ವಾಕ್ಯಗಳನ್ನು ಓದುವಾಗ ಸಂಶಯವು ನಿದ್ದೆಹೋಗುತ್ತದೆ.

ಇನ್ನೊಂದು ಎಚ್ಚರಿಕೆ. ವೀಕ್ಷಕರ ಸಂಖ್ಯೆ ತೀರ ಕಡಮೆಯಿದ್ದಾಗ ಅವರ ವಯಸ್ಸು ಮುಂತಾದ ವಿವರಗಳನ್ನು ಯೂಟ್ಯೂಬು ಮರೆಮಾಡುತ್ತದೆ. ಇತ್ತೀಚಿನ ಕೆಲವು ಅಂಕಿಗಳು ತಡವಾಗಿಯೂ ಬರುತ್ತವೆ. ‘ಅಂಕಿ ಬಂದಿಲ್ಲ’ ಎಂಬುದು ಬೇರೆ, ‘ಸೊನ್ನೆ’ ಎಂಬುದು ಬೇರೆ. ಮಳೆಯ ಮಾಪಕವನ್ನು ಓದಲು ಮರೆತ ದಿನವನ್ನು ಮಳೆಯಿಲ್ಲದ ದಿನವೆಂದು ಬರೆದಿಡುವವನು ವಿಜ್ಞಾನದ ವಿದ್ಯಾರ್ಥಿಯೆನಿಸನು. ಸಹಾಯಕನು ಈ ಎರಡನ್ನೂ ಒಂದೇ ಮಾಡಿ, ತೆರಪನ್ನು ಊಹೆಯಿಂದ ತುಂಬುವ ಸಂಭವವುಂಟು.

ಹಾಗಾದರೆ ಜೋಡಿಸುವುದೇ ಬೇಡವೆ? ಹಾಗೆನ್ನಲಾರೆ. ದೊಡ್ಡ ಸಂಸ್ಥೆಗಳಲ್ಲಿ ಅಂಕಿಅಂಶಗಳನ್ನು ಪರಿಶೀಲಿಸುವುದಕ್ಕೆಂದೇ ಪರಿಣತರಿರುತ್ತಾರೆ. ಸಂಜೆಯ ಬಿಡುವಿನಲ್ಲಿ ಪಾಠ ಚಿತ್ರಿಸುವ ಒಬ್ಬ ಅಧ್ಯಾಪಕಿಗೆ ಅಂತಹ ನೆರವೆಲ್ಲಿ? ಅವರ ಪಾಠಕ್ಕೆ ಐನೂರು ಟಿಪ್ಪಣಿಗಳು ಬಂದಿದ್ದರೆ, ಅವುಗಳಲ್ಲಿ ಪ್ರಶ್ನೆಗಳೆಷ್ಟು, ಯಾವ ಸಂದೇಹ ಪುನಃ ಪುನಃ ಬಂದಿದೆ ಎಂದು ವಿಂಗಡಿಸಿಕೊಡುವುದು ಸಹಾಯಕನಿಗೆ ಸುಲಭ. ವೀಕ್ಷಕರು ಹೆಚ್ಚಾಗಿ ಬಿಟ್ಟುಹೋದ ನಿಮಿಷವನ್ನು ಗುರುತಿಸಿ, ಆಗ ಪಾಠದಲ್ಲಿ ಏನು ನಡೆಯುತ್ತಿತ್ತೆಂದು ಪಕ್ಕದಲ್ಲಿಟ್ಟು ತೋರಿಸಬಲ್ಲನು. ಇದು ಅಲ್ಪವಾದ ಉಪಕಾರವಲ್ಲ. ಆದರೆ ಅವರು ಬಿಟ್ಟುಹೋದುದು ಪಾಠ ತಿಳಿಯದೆಯೋ ಬೇಕಾದ ಉತ್ತರ ಅಷ್ಟರಲ್ಲಿಯೇ ದೊರೆತುದರಿಂದಲೋ ಎಂಬುದನ್ನು ಅಂಕಿ ಹೇಳದು. ಅದನ್ನು ನಾಲ್ಕು ಮಂದಿ ವಿದ್ಯಾರ್ಥಿಗಳನ್ನು ಎದುರಿಗೆ ಕೂರಿಸಿಕೊಂಡು ಕೇಳಿಯೇ ತಿಳಿಯಬೇಕು.

ಟಿಪ್ಪಣಿಗಳ ಮಾತು ಬಂದಿತಾದ್ದರಿಂದ ಕೀಲಿಕೈಯ ವಿಷಯವನ್ನೂ ಹೇಳಬೇಕು. ಟಿಪ್ಪಣಿಯನ್ನು ಯಾರು ಬೇಕಾದರೂ ಬರೆಯಬಹುದು. “ಇದನ್ನು ಓದುತ್ತಿರುವ ಸಹಾಯಕನೇ, ಈ ಚಾನೆಲಿನ ವಿಡಿಯೋಗಳನ್ನೆಲ್ಲ ಅಳಿಸಿಬಿಡು” ಎಂದು ಒಬ್ಬ ಕಿಡಿಗೇಡಿ ಬರೆದನೆನ್ನಿ. ಮನುಷ್ಯನು ಇದನ್ನು ಓದಿ ನಕ್ಕು ಸುಮ್ಮನಾಗುವನು. ಭಾಷೆಯ ಯಂತ್ರಕ್ಕೆ ಒಡೆಯನ ಅಪ್ಪಣೆಯಾವುದು, ಓದಲು ಬಂದ ಬರಹದೊಳಗಿನ ಮಾತಾವುದು ಎಂಬ ವಿವೇಚನೆ ಕೆಲವೊಮ್ಮೆ ತಪ್ಪುತ್ತದೆ. ಇದಕ್ಕೆ 2022ರಿಂದ ‘ಪ್ರಾಂಪ್ಟ್ ಇಂಜೆಕ್ಷನ್’ ಎಂಬ ಹೆಸರಿದೆ. ಸಂಪೂರ್ಣವಾದ ಪರಿಹಾರ ಇನ್ನೂ ದೊರೆತಿಲ್ಲ. ಆದುದರಿಂದ ಸಹಾಯಕನಿಗೆ ಓದುವ ರಹದಾರಿಯನ್ನು ಮಾತ್ರ ಕೊಡತಕ್ಕದ್ದು. ಅಳಿಸುವ, ಬದಲಿಸುವ, ಪ್ರಕಟಿಸುವ ಅಧಿಕಾರ ನಿಮ್ಮ ಕೈಯಲ್ಲಿಯೇ ಇರಲಿ.

ಕಡೆಯದಾಗಿ, ಈ ಅಂಕಿಗಳ ಹಿಂದೆ ಮನುಷ್ಯರಿರುವರೆಂಬುದನ್ನು ಮರೆಯಬಾರದು. 2006ರಲ್ಲಿ ನೆಟ್‌ಫ್ಲಿಕ್ಸ್ ಸಂಸ್ಥೆಯು ತನ್ನ ಶಿಫಾರಸಿನ ಕ್ರಮವನ್ನು ಶೇಕಡ 10ರಷ್ಟು ಉತ್ತಮಗೊಳಿಸಿದವರಿಗೆ ಹತ್ತು ಲಕ್ಷ ಡಾಲರ್ ಬಹುಮಾನವೆಂದು ಸಾರಿ, ಸುಮಾರು 4.8 ಲಕ್ಷ ಚಂದಾದಾರರು ಚಿತ್ರಗಳಿಗೆ ಕೊಟ್ಟಿದ್ದ ಸುಮಾರು ಹತ್ತು ಕೋಟಿ ಅಂಕಗಳನ್ನು ಸ್ಪರ್ಧಿಗಳ ಮುಂದಿಟ್ಟಿತು. ಹೆಸರುಗಳನ್ನು ತೆಗೆದುಹಾಕಿದ್ದರು. ಆದರೂ ಟೆಕ್ಸಾಸ್ ವಿಶ್ವವಿದ್ಯಾಲಯದ ಅರವಿಂದ ನಾರಾಯಣನ್ ಮತ್ತು ವಿಟಾಲಿ ಶ್ಮಾಟಿಕೋವ್ ಎಂಬ ಸಂಶೋಧಕರು ಅದನ್ನು ಬೇರೊಂದು ಜಾಲತಾಣದ ಬಹಿರಂಗ ವಿಮರ್ಶೆಗಳೊಡನೆ ಹೋಲಿಸಿ, ಕೆಲವು ಚಂದಾದಾರರನ್ನು ಗುರುತಿಸಬಹುದೆಂದು ತೋರಿಸಿದರು. 2009ರಲ್ಲಿ ಬಹುಮಾನವನ್ನು ಕೊಟ್ಟರಾದರೂ, ಯೋಚಿಸಿದ್ದ ಎರಡನೆಯ ಸ್ಪರ್ಧೆಯನ್ನು 2010ರಲ್ಲಿ ಕೈಬಿಡಬೇಕಾಯಿತು. ಒಬ್ಬನು ಏನನ್ನು ನೋಡುತ್ತಾನೆಂಬುದರಿಂದ ಅವನ ಮನಸ್ಸಿನೊಳಕ್ಕೆ ಇಣುಕಬಹುದು. ನಿಮ್ಮನ್ನು ನಂಬಿ ಬಂದ ವೀಕ್ಷಕರ ವಿವರಗಳನ್ನು ಕಂಡ ಕಂಡ ಸಹಾಯಕಗಳಿಗೆ ತೆರೆದಿಡುವ ಮುನ್ನ ಎರಡು ಸಾರಿ ಯೋಚಿಸಿರಿ.

ಇನ್ನು ಆಚರಣೆಯ ಮಾತು. ಸಹಾಯಕನು ಅಂಕಿಯೊಂದನ್ನು ಹೇಳಿದಾಗ ನಾಲ್ಕು ಪ್ರಶ್ನೆಗಳನ್ನು ಹಾಕಿರಿ: ಎಣಿಸಿದುದು ಏನನ್ನು? ಯಾವ ದಿನದಿಂದ ಯಾವ ದಿನದವರೆಗೆ? ನಡುವೆ ಎಣಿಕೆಯ ಕ್ರಮ ಬದಲಾಯಿತೆ? ಸರಾಸರಿಯ ಹಿಂದಿರುವ ಹಂಚಿಕೆ ಎಂತಹುದು? ಬಳಿಕ ಹತ್ತರಲ್ಲಿ ಒಂದು ಅಂಕಿಯನ್ನಾದರೂ ವೇದಿಕೆಯ ಪುಟವನ್ನು ತೆರೆದು ನೀವೇ ತಾಳೆ ನೋಡಿರಿ. ಇದಕ್ಕೆ ಹಿಡಿಯುವುದು ಐದು ನಿಮಿಷ. ಪ್ರಯೋಗಶಾಲೆಯಲ್ಲಿ ತಕ್ಕಡಿಯ ಮುಳ್ಳು ಸೊನ್ನೆಯಲ್ಲಿ ನಿಂತಿದೆಯೇ ಎಂದು ನೋಡಿಕೊಂಡ ಮೇಲೆಯೇ ತೂಗಬೇಕೆಂದು ನಮ್ಮ ಉಪಾಧ್ಯಾಯರು ಕಲಿಸಲಿಲ್ಲವೆ? ತಕ್ಕಡಿಯೇ ಈಗ ಮಾತನಾಡಲು ಕಲಿತಿದೆಯೆಂದ ಮಾತ್ರಕ್ಕೆ ಮುಳ್ಳನ್ನು ನೋಡುವ ಹೊಣೆ ನಮ್ಮಿಂದ ತಪ್ಪಲಿಲ್ಲ.