ಹ್ಯಾಮರ್ ಕಾಯ್ತು ಅಂತ ಮೋಟರ್ ಹೊತ್ತುಕೊಂಡು ಓಡಬೇಡಿ

ಮುಂಗಾರು ಹಿಡೀತು ಅಂದ್ರೆ ನಮ್ಮ ಸುತ್ತಿನ ಊರುಗಳ ಕುಲುಮೆ ಮುಂದೆ ಗುಳ, ಕುಂಟೆ ಕುಡ, ಕಲ್ಟಿವೇಟರ್ ಹಲ್ಲು ಸಾಲು ಬೀಳುತ್ತೆ. ಸರಿಯಾಗಿ ಅದೇ ಹೊತ್ತಿಗೆ ಪವರ್ ಹ್ಯಾಮರ್ ಕಾದು ನಿಲ್ಲುತ್ತೆ. ಕೂಡಲೇ ಯಾರೋ ಒಬ್ಬರು "ಮೋಟರ್ ಹೋಯ್ತು" ಅಂತಾರೆ, ಆಚಾರ್ರು ಅದನ್ನ ಬಿಚ್ಚಿ ಪೇಟೆಗೆ ವೈಂಡಿಂಗ್‌ಗೆ ಕಳಿಸ್ತಾರೆ. ಅದು ವಾಪಸ್ ಬರೋ ಹೊತ್ತಿಗೆ ಹದ ಹೋಗಿರುತ್ತೆ. ತಿಂಗಳೊಳಗೆ ಮತ್ತೆ ಅದೇ ಮೋಟರ್ ಕಾಯುತ್ತೆ. ಕಾಯದೆ ಇನ್ನೇನು ಮಾಡೀತು? ಕಾಯಿಸಿದ ಕಾರಣ ಅಲ್ಲೇ ಕೂತಿದೆಯಲ್ಲ!

ಇನ್ನೊಂದು ಬುದ್ಧಿವಂತಿಕೆ ಇದಕ್ಕಿಂತ ಕೆಟ್ಟದ್ದು. ಸ್ಟಾರ್ಟರ್ ಪದೇ ಪದೇ ಟ್ರಿಪ್ ಆಗುತ್ತೆ ಅಂತ ಓವರ್‌ಲೋಡ್ ರಿಲೇನ ಕೊನೇ ನಂಬರಿಗೆ ತಿರುಗಿಸೋದು, ಇಲ್ಲಾ ವೈರ್ ಹಾಕಿ ಬೈಪಾಸ್ ಮಾಡೋದು. ನಾಯಿ ಬೊಗಳುತ್ತೆ ಅಂತ ಅದರ ಬಾಯಿ ಕಟ್ಟಿ ಮಲಗಿದ ಹಾಗೆ. ರಿಲೇ ಬೀಳ್ತಿದೆ ಅಂದ್ರೆ ಕರೆಂಟ್ ಜಾಸ್ತಿ ಎಳೀತಿದೆ ಅಂತ ಅರ್ಥ. ಯಾಕೆ ಎಳೀತಿದೆ ಅಂತ ಕೇಳೋರೇ ಇಲ್ಲ. ಮೋಟರ್ ಮೇಲೆ ಒದ್ದೆ ಗೋಣಿಚೀಲ ಹೊದಿಸೋರನ್ನೂ ನೋಡಿದೀನಿ. ಹಿಂದಿನ ಫ್ಯಾನ್ ಊದೋ ಗಾಳಿ ಮೈಮೇಲಿನ ಗೆರೆಗಳ ನಡುವೆ ಹರಿದಾಗಲೇ ಮೋಟರ್ ತಣ್ಣಗಾಗೋದು. ಅದಕ್ಕೇ ಹೊದಿಕೆ ಹಾಕಿ, ಜೊತೆಗೆ ನೀರೂ ಇಳಿಸಿದ ಮೇಲೆ ಉಳಿಯೋದೇನು? ಆ ಗೆರೆಗಳಲ್ಲಿ ತುಂಬಿರೋ ಇದ್ದಿಲು ಪುಡಿ, ಕಬ್ಬಿಣದ ಚಕ್ಕೆ ಕೆರೆದು ತೆಗೆದರೆ ಅರ್ಧ ರೋಗ ವಾಸಿ.

ಮೊದಲು ಕೇಳಬೇಕಾದ್ದು, ಕಾದಿದ್ದು ಎಲ್ಲಿ ಅಂತ. ಮೇನ್ ಸ್ವಿಚ್ ಆಫ್ ಮಾಡಿ, ಚಕ್ರ ಪೂರ್ತಿ ನಿಂತ ಮೇಲೆ ಮೋಟರ್ ಮೈ, ಅದರ ಎರಡೂ ತುದಿಯ ಬೇರಿಂಗ್, ಪುಲ್ಲಿ, ಹ್ಯಾಮರ್ ತಲೆ ಜಾರೋ ಗೈಡ್ ಒಂದೊಂದಾಗಿ ನೋಡಿ. ಕೈ ಇಡೋಕಾಗಲ್ಲ ಅಂದಮಾತ್ರಕ್ಕೆ ಮೋಟರ್ ಸುಟ್ಟಿದೆ ಅಂತಲ್ಲ. ಪೂರ್ತಿ ಲೋಡ್‌ನಲ್ಲಿ ಒಳ್ಳೇ ಮೋಟರ್ ಮೈಯೂ 70 ಡಿಗ್ರಿ ಮುಟ್ಟಬಹುದು. ಆಮೇಲೆ ಬೆಲ್ಟ್ ತೆಗೆದು ಮೋಟರ್ ಒಂದನ್ನೇ ಅರ್ಧ ಗಂಟೆ ಓಡಿಸಿ. ತಣ್ಣಗೇ ಇದ್ರೆ ಪೇಟೆಗೆ ಹೋಗೋ ಮೊದಲು ಹ್ಯಾಮರ್ ಕಡೆ ನೋಡಿ. ಮತ್ತೆ ಮೇನ್ ತೆಗೆದು ಫ್ಲೈವೀಲ್ ಕೈಯಲ್ಲಿ ತಿರುಗಿಸಿ. ಒಂದು ಜಾಗದಲ್ಲಿ ಬಿಗಿ ಹಿಡಿದರೆ ಗೈಡ್ ಒತ್ತಿದೆ ಅಂತ ಲೆಕ್ಕ. ತಲೆಗೆ ಗಟ್ಟಿ ಮರದ ತುಂಡು ಆಸರೆ ಕೊಡದೆ ಅದರ ಕೆಳಗೆ ಕೈ ಹಾಕಬೇಡಿ.

ಗೈಡ್ ಕಾಯೋದಕ್ಕೆ ದೊಡ್ಡ ಕಾರಣ ನಾವೇ ಡಬ್ಬದಲ್ಲಿ ತಂದುಕೊಡೋ ಟ್ರ್ಯಾಕ್ಟರಿನ ಸುಟ್ಟ ಆಯಿಲ್. ಪುಕ್ಕಟೆ ಸಿಗುತ್ತೆ, ನಿಜ. ಅದರಲ್ಲಿ ಮಸಿ ಇದೆ, ಸವೆದ ಕಬ್ಬಿಣದ ಪುಡಿ ಇದೆ. ಮೇಲಿಂದ ಚಕ್ಕೆ ಉದುರಿ ಸೇರಿತು ಅಂದ್ರೆ ಸಾಣೆ ಹಿಡಿಯೋ ಪೇಸ್ಟೇ ಆಯ್ತು. ಒರೆಸಿ, ಶುದ್ಧ ಮೆಷಿನ್ ಆಯಿಲ್ ಬೆಳಿಗ್ಗೆ ನಾಲ್ಕು ಹನಿ, ಮಧ್ಯಾಹ್ನ ನಾಲ್ಕು ಹನಿ ಬಿಟ್ಟರೆ ಸಾಕು. ಬೇರಿಂಗ್‌ಗೂ ಗ್ರೀಸ್ ಕಡಿಮೆಯಾದರೆ ಕಾಯುತ್ತೆ, ಗಿಡಿದು ತುಂಬಿದರೂ ಕಾಯುತ್ತೆ.

ಬೆಲ್ಟಿನ ಕತೆ ಬೇರೆ. ಪೆಡಲ್ ಅರ್ಧಂಬರ್ಧ ಒತ್ತಿ ಬಹಳ ಹೊತ್ತು ನಡೆಸಿದರೆ ಬೆಲ್ಟ್ ಜಾರಿ ಪುಲ್ಲಿ ಕಾಯುತ್ತೆ. ಜಾರುತ್ತೆ ಅಂತ ವಿಪರೀತ ಬಿಗಿದರೆ ಪುಲ್ಲಿ ಕಡೆ ಬೇರಿಂಗ್ ಕಾಯುತ್ತೆ.

ಮೋಟರೇ ಕಾಯ್ತಿದ್ರೆ ಕೆಲಸ ನಡೆಯೋವಾಗ ಮೂರೂ ವೈರಿಗೆ ಕ್ಲಾಂಪ್ ಮೀಟರ್ ಹಿಡಿಸಿ. 5 ಎಚ್‌ಪಿ ಮೋಟರ್ ಪೂರ್ತಿ ಲೋಡ್‌ಗೆ ಹತ್ತಿರ ಹತ್ತಿರ 7 ಆಂಪ್ಸ್ ಎಳೀಬೇಕು, ಸರಿಯಾದ ಲೆಕ್ಕ ಪ್ಲೇಟ್ ಮೇಲಿರುತ್ತೆ. ಒಂದು ವೈರಲ್ಲಿ ಮಾತ್ರ ಜಾಸ್ತಿ ಇದ್ರೆ ಸಪ್ಲೈ, ಜಾಯಿಂಟ್, ಸ್ಟಾರ್ಟರ್ ಪಾಯಿಂಟ್ ನೋಡಿ. ಮೂರು ಫೇಸ್ ವೋಲ್ಟೇಜಲ್ಲಿ ಶೇ. 3ರಷ್ಟು ಹೆಚ್ಚುಕಡಿಮೆ ಆದ್ರೂ ಬಿಸಿ ಸುಮಾರು ಶೇ. 18 ಏರುತ್ತೆ. 415 ಬರಬೇಕಾದ ಕಡೆ 350 ಬಂದರೆ ಮೋಟರ್ ಏನಾಗುತ್ತೆ ಅಂತ ಬೋರ್‌ವೆಲ್ ಇಟ್ಟೋರಿಗೆ ನಾನು ಹೇಳಬೇಕಾ? ತ್ರೀಫೇಸ್ ಇಲ್ಲದಾಗ ಕೆಪಾಸಿಟರ್ ಹಾಕಿ ಎರಡು ಫೇಸಲ್ಲಿ ಪಂಪ್ ಎಳೆಸೋ ಆಟ ಹ್ಯಾಮರ್ ಮೇಲೆ ಬೇಡವೇ ಬೇಡ. ಒಂದೊಂದು ಏಟೂ ಅದಕ್ಕೊಂದು ಜರ್ಕ್. ವೈಂಡಿಂಗ್ ಇನ್ಸುಲೇಷನ್ ಮೇಲೆ 10 ಡಿಗ್ರಿ ಬಿಸಿ ಹೆಚ್ಚಾದ್ರೆ ಅದರ ಆಯಸ್ಸು ಅರ್ಧ ಅನ್ನೋದು ಮೋಟರ್ ಕೆಲಸದವರ ಹಳೇ ಲೆಕ್ಕ.

ಇನ್ನು ಸಾಲಲ್ಲಿ ನಿಂತು "ಬೇಗ ಬೇಗ" ಅನ್ನೋರಿಗೆ. ಆ ಅವಸರಕ್ಕೆ ಆಚಾರ್ರು ಕೆಂಪಾರಿ ಕಪ್ಪಾದ ಗುಳವನ್ನೂ ಹ್ಯಾಮರಿಗೆ ಕೊಡ್ತಾರೆ. ತಣ್ಣಗಿನ ಕಬ್ಬಿಣ ಬಗ್ಗಲ್ಲ, ಏಟೆಲ್ಲಾ ಪಟ್ಟಿ ಸ್ಪ್ರಿಂಗಿಗೂ ಗೈಡಿಗೂ ವಾಪಸ್ ಬರುತ್ತೆ. ಇನ್ನೊಂದು ಸಲ ಒಲೆಗೆ ಹಾಕೋಷ್ಟು ಹೊತ್ತು ಕಾಯ್ರಿ, ಮಳೆ ಎಲ್ಲೂ ಓಡಿ ಹೋಗಲ್ಲ.

ನಮ್ಮ ಸುತ್ತ ಉಳಿದಿರೋ ಕುಲುಮೆಗಳು ಬೆರಳೆಣಿಕೆ. ಸುಗ್ಗಿಗೆ ಎರಡು ಸಲ ವೈಂಡಿಂಗ್ ದುಡ್ಡು ಕಟ್ಟಿದ ಆಚಾರ್ರು ಮೂರನೇ ಸಲ ಬಾಗಿಲು ಹಾಕ್ತಾರೆ. ಆಮೇಲೆ ಒಂದು ಕುಡ ತಟ್ಟಿಸೋಕೆ ಪೇಟೆಗೆ ಬಸ್ ಹತ್ತಬೇಕು. ಅಲ್ಲಿ ತಟ್ಟಿಕೊಡೋರೂ ಇಲ್ಲ, ಹೊಸದು ತಗೊಳ್ಳಿ ಅಂತಾರೆ.

ನನ್ನ ಹತ್ರ ಕ್ಲಾಂಪ್ ಮೀಟರ್ ಇದೆ. ಭರಣಿ ಮಳೆಯೊಳಗೆ ಯಾವ ಕುಲುಮೆಗೆ ಬೇಕೋ ಹೇಳಿ, ತಂದುಕೊಡ್ತೀನಿ. ಸುಟ್ಟ ಆಯಿಲ್ ಡಬ್ಬ ಮಾತ್ರ ದಯವಿಟ್ಟು ಮನೇಲೇ ಇಟ್ಕೊಳ್ಳಿ.