ಉಗುರು ಆಯುಧವೇ?

ಕಳೆದ ತಿಂಗಳು ಪುಣೆಯ ನಮ್ಮ ಮನೆಯಲ್ಲಿ ನಾಲ್ವರು ಮಕ್ಕಳು ದಾಳಗಳನ್ನು ಹರಡಿಕೊಂಡು ‘ಡಂಜನ್ಸ್ ಅಂಡ್ ಡ್ರಾಗನ್ಸ್’ ಆಡುತ್ತಿದ್ದರು. ನನ್ನ ಮಗಳು ವಹಿಸಿದ್ದ ಪಾತ್ರ, ಟಬಾಕ್ಸಿ ಎಂಬ ಮಾರ್ಜಾಲ ಕುಲದ ಸನ್ಯಾಸಿನಿ. ಆಟದ ಪರಿಭಾಷೆಯಲ್ಲಿ ‘ಮಾಂಕ್’, ಬರಿಗೈಯಲ್ಲಿ ಕಾದುವವಳು. ಆಟ ನಡೆಸುತ್ತಿದ್ದ ಹುಡುಗ ತೀರ್ಪಿತ್ತ: “ನಿನಗೆ ಉಗುರಿದೆ. ಉಗುರು ಆಯುಧ. ಆಯುಧವಿದ್ದವಳಿಗೆ ಬರಿಗೈ ವಿದ್ಯೆ ಸಲ್ಲದು.” ಮಗಳು “ಹಾಗಾದರೆ ನರಸಿಂಹ?” ಎಂದಳು. “ಪುರಾಣ ಇಲ್ಲಿ ಬೇಡ” ಎಂದ ಅವನು. ಅಲ್ಲೇ ಕುಳಿತಿದ್ದ ನಮ್ಮ ಬಳಗದ ಹಿರಿಯರೊಬ್ಬರು “ಪರದೇಶದ ಆಟಕ್ಕೆ ನಮ್ಮ ನರಸಿಂಹನೇಕಮ್ಮಾ?” ಎಂದು ನಕ್ಕರು. ಇಬ್ಬರೂ ತಪ್ಪಿದ್ದಾರೆಂಬುದು ನನ್ನ ವಾದ.

ಮೊದಲು ನಿಯಮವನ್ನೇ ನೋಡೋಣ. ಆ ಆಟದ 2014ರ ಆವೃತ್ತಿಯ ಪ್ರಕಾರ ಮಾಂಕ್ ಕವಚ, ಗುರಾಣಿಗಳಿಲ್ಲದೆ, ನಿರಾಯುಧನಾಗಿ ಅಥವಾ ತನ್ನ ಪಂಥಕ್ಕೆ ಒಪ್ಪಿತವಾದ ಆಯುಧವನ್ನಷ್ಟೇ ಹಿಡಿದು ನಿಂತಾಗ ಅವನ ಮಲ್ಲವಿದ್ಯೆ ಫಲಿಸುತ್ತದೆ. 2016ರ ಪುಸ್ತಕವೊಂದು ಟಬಾಕ್ಸಿಯ ಉಗುರನ್ನು ‘ಸಹಜ ಆಯುಧ’ ಎಂದು ಕರೆಯಿತು. ಹುಡುಗ ಓದು ನಿಲ್ಲಿಸಿದ್ದು ಅಲ್ಲಿಯೇ. ಆದರೆ ಅದೇ ವಾಕ್ಯ ಮುಂದುವರಿದು, ಆ ಉಗುರಿನಿಂದ ಹೊಡೆಯಬಹುದಾದದ್ದು ನಿರಾಯುಧ ಹೊಡೆತವನ್ನೇ ಎನ್ನುತ್ತದೆ. ಸುತ್ತೋಲೆಗಳ ನಡುವೆಯೇ ನೌಕರಿ ಸವೆಸುತ್ತಿರುವ ನನಗೆ ಈ ಬಗೆಯ ಓದು ಚೆನ್ನಾಗಿ ಗೊತ್ತು: ಅರ್ಧ ವಾಕ್ಯ ಓದಿ ಅರ್ಜಿ ತಿರಸ್ಕರಿಸುವ ಓದು ಅದು.

ಇದು ಬರಿಯ ಪದದ ಜಗಳವಲ್ಲ. ಆ ಪುಸ್ತಕದಲ್ಲಿ ಉಗುರಿನ ಪೆಟ್ಟಿಗೆ 4 ಮುಖದ ದಾಳ. ಮೊದಲ ಹಂತದ ಮಾಂಕ್‌ನ ಮುಷ್ಟಿಗೂ ಅಷ್ಟೇ. ಮುಷ್ಟಿಯ ದಾಳಕ್ಕೆ 5ನೆಯ ಹಂತದಲ್ಲಿ 6, 11ನೆಯದರಲ್ಲಿ 8, 17ನೆಯದರಲ್ಲಿ 10 ಮುಖಗಳಾಗುತ್ತವೆ. ಉಗುರು ಹುಟ್ಟಿನಿಂದ ಬಂದದ್ದು, ಇದ್ದಷ್ಟೇ ಇರುತ್ತದೆ, ಬೆಳೆಯುವುದು ಸಾಧನೆ. ಹುಟ್ಟಿನ ನೆಪ ಒಡ್ಡಿ ಸಾಧನೆಯ ಫಲವನ್ನು ಕಸಿಯುವುದು ಆಟದಲ್ಲಿಯೂ ಅನ್ಯಾಯವೇ.

ಹಾಗಾದರೆ ಆಯುಧವೆಂದರೇನು? ಕಳಚಿಡಬಹುದಾದದ್ದು ಆಯುಧ, ಕಳಚಿಡಲಾಗದ್ದು ದೇಹ. 1659ರಲ್ಲಿ ಪ್ರತಾಪಗಡದ ಬುಡದಲ್ಲಿ ಬಿಜಾಪುರದ ಅಫಜಲಖಾನನೆದುರು ಶಿವಾಜಿ ಬಳಸಿದನೆಂದು ಹೇಳುವ ವ್ಯಾಘ್ರನಖ ಆಯುಧ. ಅದು ಅಂಗೈಯಲ್ಲಿ ಅಡಗಿಸಿದ ಉಕ್ಕು. ಅಂಥದೊಂದು ವ್ಯಾಘ್ರನಖವೇ 2024ರಲ್ಲಿ ಲಂಡನ್ನಿನ ಸಂಗ್ರಹಾಲಯದಿಂದ ಸಾತಾರಾಕ್ಕೆ ಎರವಲು ಬಂತು. ಮೈಸೂರು ಅರಮನೆಯಲ್ಲಿ ವಿಜಯದಶಮಿಯಂದು ಜಟ್ಟಿಗಳು ಹಿಡಿಯುವ ವಜ್ರಮುಷ್ಟಿಯೂ ಆಯುಧವೇ. ಎದುರಾಳಿಯ ತಲೆಯಲ್ಲಿ ನೆತ್ತರು ಚಿಮ್ಮಿ ಕಾಳಗ ಮುಗಿದೊಡನೆ ಅದನ್ನು ಬಿಚ್ಚಿಡಬಹುದು. ಮಾರ್ಜಾಲ ಸನ್ಯಾಸಿನಿ ಏನನ್ನು ಬಿಚ್ಚಿಟ್ಟಾಳು?

ಉಗುರು ಸೀಳುತ್ತದೆ, ಮುಷ್ಟಿ ಸೀಳದು ಎಂಬ ಆಕ್ಷೇಪವಿದೆ. ನಿಜ. ಆ ವ್ಯತ್ಯಾಸವನ್ನು ನಿಯಮವೇ ಗುರುತಿಸಿದೆ: ಮುಷ್ಟಿಯದು ಜಜ್ಜುವ ಗಾಯ, ಉಗುರಿನದು ಸೀಳುವ ಗಾಯ. ಗಾಯದ ಬಗೆ ಬೇರೆಯಾದ ಮಾತ್ರಕ್ಕೆ ಕೈ ಖಡ್ಗವಾಗುವುದಿಲ್ಲ.

ಇನ್ನು ಹಿರಿಯರ ನಗು. ಆಟ ಹುಟ್ಟಿದ್ದು 1974ರಲ್ಲಿ, ಅಮೆರಿಕದಲ್ಲಿ. ಮಾಂಕ್ ಅದಕ್ಕೆ ಸೇರಿದ್ದು ಮರುವರ್ಷ. ಆದರೆ ಮಗಳು ಎತ್ತಿದ ಪ್ರಶ್ನೆ ಅದಕ್ಕಿಂತ ಎಷ್ಟೋ ಹಳೆಯದು. ಯಾವ ಆಯುಧದಿಂದಲೂ ಸಾವು ಬಾರದಿರಲಿ ಎಂದು ಹಿರಣ್ಯಕಶಿಪು ವರ ಬೇಡಿದ್ದ. ಉಗುರು ಆಯುಧವಾಗಿದ್ದರೆ ಆ ವರ ಸುಳ್ಳಾಗಬೇಕಿತ್ತು. ಹೊಸ್ತಿಲ ಮೇಲಿನ ಆ ಸಂಜೆಯ ಕಥೆ ನಿಂತಿರುವುದೇ ಉಗುರು ಆಯುಧವಲ್ಲ ಎಂಬ ತೀರ್ಪಿನ ಮೇಲೆ.

ಹೊರನಾಡಿನ ನಮ್ಮ ಮಕ್ಕಳಿಗೆ ಈ ಕಥೆ ಸಿಗುವುದು ಅಜ್ಜಿಯ ಬಾಯಲ್ಲಿ, ಇಲ್ಲವೇ ವರ್ಷಕ್ಕೊಮ್ಮೆ ಸಂಘ ಕರೆಸುವ ಯಕ್ಷಗಾನದಲ್ಲಿ. ಅಲ್ಲಿ ಅವರು ಚಪ್ಪಾಳೆ ತಟ್ಟುತ್ತಾರೆ. ಇಲ್ಲಿ ಒಬ್ಬಳು ಅದೇ ಕಥೆಯನ್ನು ಸಾಕ್ಷಿಯಾಗಿ ಕರೆದಳು, ನಾವು ಅವಳ ಬಾಯಿ ಮುಚ್ಚಿಸಿದೆವು. ಕನ್ನಡ ಉಳಿಯಬೇಕೆಂದು ವೇದಿಕೆಯ ಮೇಲೆ ಭಾಷಣ ಮಾಡುವ ನಾವು, ಅದು ಮನೆಯ ಮೇಜಿನ ಮೇಲೆ ಬಳಕೆಗೆ ಬಂದಾಗ ನಗುವುದಾದರೆ, ಉಳಿಸಿಕೊಳ್ಳುವುದಾದರೂ ಏನನ್ನು?