ಹತ್ತು ಗುಂಟೆ ಸಾಕು



ನಮ್ಮದು ಎರಡು ಎಕರೆ ಮಳೆ ನಂಬಿದ ಹೊಲ. ಅಜ್ಜಿ ಕಾಲದಲ್ಲಿ ರಾಗಿ ಜೊತೆ ಅಕ್ಕಡಿ ಸಾಲು ಇರುತ್ತಿತ್ತಂತೆ. ಅವರೆ, ತೊಗರಿ, ಹುಚ್ಚೆಳ್ಳು, ಸಾಸಿವೆ, ಅಂಚಿಗೆ ಹರಳು. ಈಗ ಬರೀ ಮುಸುಕಿನ ಜೋಳ. ರೈತರಾಗಿ ತೊಗರಿಬೇಳೆನ ಅಂಗಡಿಯಿಂದ ತರೋದು ಅಂದ್ರೆ ನನಗಂತೂ ನಾಚಿಕೆ ಆಗುತ್ತೆ.

ವಿಜ್ಞಾನದ ಮೇಷ್ಟ್ರು ಪರ್ಮಾಕಲ್ಚರ್ ಬಗ್ಗೆ ಹೇಳಿದರು. ಆಸ್ಟ್ರೇಲಿಯಾದ ಬಿಲ್ ಮಾಲಿಸನ್ ಮತ್ತು ಡೇವಿಡ್ ಹೋಮ್‌ಗ್ರೆನ್ ಎಂಬುವರು 1978ರಲ್ಲಿ ಇದರ ಮೇಲೆ ಪುಸ್ತಕ ಬರೆದರಂತೆ. ಕಾಡನ್ನು ಯಾರೂ ಉಳುವುದಿಲ್ಲ, ಆದರೂ ಬೆಳೆಯುತ್ತದೆ. ಹೊಲವೂ ಹಾಗಿರಬೇಕು. ನೆಲ ಬರಿದಾಗಿರಬಾರದು, ಹಲವು ಬೆಳೆ ಒಟ್ಟಿಗಿರಬೇಕು, ಬಿದ್ದ ಮಳೆ ಅಲ್ಲೇ ಇಂಗಬೇಕು. ಇದನ್ನು ಕೇಳಿ ಅಜ್ಜಿ, "ಇದನ್ನ ಹೇಳಾಕೆ ಅಷ್ಟು ದೂರದೋರು ಬೇಕಿತ್ತಾ?" ಅಂತ ನಕ್ಕರು.

ಅಪ್ಪ ನಗಲಿಲ್ಲ. "ಸಾಲ ತೀರ್ಸೋದು ಯಾರು, ನಿಮ್ಮ ಮೇಷ್ಟ್ರಾ?" ಅಂದರು. (ಮೇಷ್ಟ್ರೇ ಕ್ಷಮಿಸಿ, ಇದ್ದದ್ದನ್ನೇ ಬರೆದಿದ್ದೇನೆ.) ಬೀಜ, ಗೊಬ್ಬರ ಎಲ್ಲಾ ಅಂಗಡಿಯಲ್ಲಿ ಸಾಲ. ಅಪ್ಪನ ಮಾತು ತಪ್ಪಲ್ಲ. ಇಷ್ಟು ವರ್ಷ ಯೂರಿಯಾ ತಿಂದ ನೆಲಕ್ಕೆ ಒಂದೇ ಸಲ ನಿಲ್ಲಿಸಿದರೆ ಬೆಳೆ ಕಡಿಮೆ ಆಗಬಹುದು. ಆಗ ಅಕ್ಕನ ಕಾಲೇಜು ಫೀಸಿಗೆ ಏನು ಮಾಡೋದು? ಅದಕ್ಕೇ "ಎಲ್ಲಾ ಬಿಟ್ಟುಬಿಡಿ" ಅನ್ನುವವರ ಮಾತನ್ನು ನಾನೂ ಒಪ್ಪುವುದಿಲ್ಲ. ನಾನು ಕೇಳೋದು ಹತ್ತು ಗುಂಟೆ, ಅಂದರೆ ಕಾಲು ಎಕರೆ. ಉಳಿದದ್ದು ಅಪ್ಪನ ಲೆಕ್ಕದಂತೆ ನಡೆಯಲಿ.

ಅಲ್ಲಿ ರಾಗಿ, ಅಕ್ಕಡಿ ಎರಡೂ ಹಾಕಬೇಕು. ಅವರೆ, ತೊಗರಿ ಬೇರಿನ ಗಂಟುಗಳು ಗಾಳಿಯ ಸಾರಜನಕವನ್ನು ಹಿಡಿಯುತ್ತವೆ ಅಂತ ನಾವೇ ಪಾಠದಲ್ಲಿ ಓದಿದ್ದೇವೆ, ಪರೀಕ್ಷೆಯಲ್ಲೂ ಬರೆದಿದ್ದೇವೆ. ಹೊಲದಲ್ಲಿ ಮಾತ್ರ ಮರೆತಿದ್ದೇವೆ. ದನ ತಿಂದು ಬಿಟ್ಟ ದಂಟನ್ನು ಸುಡದೆ ಸಾಲಿನ ನಡುವೆ ಹಾಸಬೇಕು.

ಹಾಸಿದರೆ ಏನಾಗುತ್ತೆ ಅಂತ ಹೋದ ಬೇಸಿಗೆಯಲ್ಲಿ ಹಿತ್ತಲಲ್ಲೇ ನೋಡಿದೆ. ಎರಡು ಬದನೆ ಗಿಡದ ಬುಡಕ್ಕೆ ಹೊಂಗೆ ಎಲೆ ಹಾಸಿದೆ, ಎರಡಕ್ಕೆ ಹಾಸಲಿಲ್ಲ. ಹಾಸದವು ಮಾರನೇ ದಿನವೇ ಬಾಡುತ್ತಿದ್ದವು. ಹಾಸಿದವಕ್ಕೆ ಮೂರು ದಿನಕ್ಕೊಮ್ಮೆ ನೀರು ಸಾಕಾಯಿತು. ಸುಳ್ಳು ಹೇಳಬಾರದು, ಎಲೆ ಕೆಳಗೆ ಗೆದ್ದಲೂ ಬಂತು. ಕೋಳಿಗಳು ಎಲ್ಲಾ ಕೆದರಿ ಹಾಕಿ ಅಮ್ಮನ ಕೈಲಿ ಬೈಸಿಕೊಂಡೆ.

ಅಪ್ಪ ಇನ್ನೂ ಹೂಂ ಅಂದಿಲ್ಲ. ಆದರೆ ಮೊನ್ನೆ ಊಟಕ್ಕೆ ಕೂತಾಗ, "ಬದುವಿನ ಪಕ್ಕದ ತುಂಡು ಆಗ್ತದಾ?" ಅಂತ ಕೇಳಿದರು. ಹುಚ್ಚೆಳ್ಳು ಬೀಜ ಮಾತ್ರ ನಮ್ಮ ಮನೆಯಲ್ಲಿಲ್ಲ. ನಿಮ್ಮಲ್ಲಿ ಯಾರ ಮನೆಯಲ್ಲಾದರೂ ಒಂದು ಪಾವು ಇದ್ದರೆ ಕೊಡಿ. ಸುಗ್ಗಿಗೆ ಎರಡು ಪಾವು ವಾಪಸ್ ಕೊಡುತ್ತೇನೆ.

— 7ನೇ ತರಗತಿ